ತಾನೇ ನಡೆಯುವ ಡಬ್ಬಿಯ ಹಿಂದೆ

ಕಾಲೇಜಿನ ಕೆಳಮಹಡಿಯ ಪ್ರಯೋಗಶಾಲೆಯಲ್ಲಿ ಮೂವತ್ತೊಂದು ವರ್ಷ ಸವೆಸಿದ ಇನ್‌ಸ್ಟ್ರಕ್ಟರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಅದು ಸಂಬಳದ ಚೀಟಿಯ ಮೇಲೆ ತಿಂಗಳಿಗೊಮ್ಮೆ ಮುಖ ತೋರಿಸಿ ಹೋಗುತ್ತಿತ್ತು. ಉಳಿದಂತೆ ಎಲ್ಲರ ಬಾಯಲ್ಲೂ ಅವರು ಸ್ಕ್ರೂ ಮೇಷ್ಟ್ರು. ನೆಲದ ಮೇಲೆ ಬಿದ್ದ ಒಂದು ಸ್ಕ್ರೂವನ್ನೂ ದಾಟಿ ಹೋದವರಲ್ಲ. ಬಗ್ಗಿ, ಎತ್ತಿ, ಅಂಗಿಯ ಜೇಬಿಗೆ ಹಾಕಿ, ಸೊಂಟ ಹಿಡಿದುಕೊಂಡು ಮೇಲೇಳುವವರು. ಇಷ್ಟು ವರ್ಷ ಬಗ್ಗಿದ್ದಕ್ಕೆ ಬಂದ ಲಾಭ ಎರಡೇ: ಮೂರು ಡಬ್ಬಿ ತುಂಬ ಸ್ಕ್ರೂ, ಒಂದು ಸೊಂಟನೋವು. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಹೋಗುವಾಗ ಸ್ಕ್ರೂಗಳನ್ನು ಕಾಲೇಜಿಗೆ ಒಪ್ಪಿಸಬೇಕು. ನೋವನ್ನು ಮಾತ್ರ ಯಾರೂ ವಾಪಸ್ ಕೇಳುವುದಿಲ್ಲ, ಮನೆಗೆ ಒಯ್ಯಬಹುದು.

ಆ ಪ್ರಯೋಗಶಾಲೆಯಲ್ಲಿ ಒಂದು ರೋಬೋಟ್ ಆಗಲೇ ಇತ್ತು. ಹೊರದೇಶದ್ದು, ಬಿಳೀ ಮೈ, ನೀಲಿ ಕಣ್ಣು. ಬಂದ ದಿನ ಎರಡು ಗಜ ಉರುಳಿ ನಿಂತಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅದರ ಒಂದು ಕೈ ಮುರಿದರೆ ಹೊಸ ಕೈಗೆ ಎಷ್ಟಾಗುತ್ತದೆ ಅಂತ ಯಾರೋ ವಿಚಾರಿಸಿಕೊಂಡು ಬಂದ ಮೇಲೆ ಅದು ಗಾಜಿನ ಬೀರು ಸೇರಿತು, ಬೀಗ ಬಿತ್ತು. ರೋಬೋಟಿಕ್ಸ್ ಓದುವ ಮಕ್ಕಳು ಆರು ವರ್ಷ ಅದನ್ನು ಒಡವೆ ಅಂಗಡಿಯ ಮುಂದೆ ನಿಂತವರ ಹಾಗೆ ಹೊರಗಿನಿಂದ ನೋಡಿಯೇ ಪದವಿ ಪಡೆದರು. ಒಂದು ವರ್ಷ ಪರೀಕ್ಷೆಯಲ್ಲಿ ರೋಬೋಟ್ ಎಂದರೇನು ಎಂಬ ಪ್ರಶ್ನೆಗೆ ಒಬ್ಬ, ‘ಬೀರುವಿನಲ್ಲಿ ಇಡುವ ಯಂತ್ರ’ ಎಂದು ಬರೆದಿದ್ದ. ಉತ್ತರ ತಿದ್ದಿದವರು ನಕ್ಕು ಸೊನ್ನೆ ಹಾಕಿದರು. ಮೇಷ್ಟ್ರಿಗೆ ನಗು ಬರಲಿಲ್ಲ. ಹುಡುಗ ಕಂಡದ್ದನ್ನೇ ಬರೆದಿದ್ದಾನೆ, ಅದರಲ್ಲಿ ತಪ್ಪೇನು ಅನ್ನಿಸಿತು. ಅವತ್ತು ಸಂಜೆ ನೆಟ್ಟಗೆ ಗುಜರಿ ಅಂಗಡಿಗೆ ಹೋದರು.

ಗುಜರಿಯವನಿಗೆ ಮೇಷ್ಟ್ರು ಹಳೇ ಗಿರಾಕಿ. ಅಂದರೆ ಕೊಳ್ಳುವುದು ಹಿಡಿಯಷ್ಟು, ಕೂರುವುದು ಒಂದು ಗಂಟೆ.

‘ಏನ್ ಸಾರ್, ಸತ್ತ ಪ್ರಿಂಟರ್ ಹೊಟ್ಟೆ ಬಗೀತಾ ಇದ್ದೀರಾ?’

‘ಮೋಟಾರ್ ಬೇಕಿತ್ತಪ್ಪ. ಎರಡು. ಜೋಡಿ ಆಗಬೇಕು.’

‘ಜೋಡಿ ಅಂದ್ರೆ ಬೆಲೆ ಜಾಸ್ತಿ.’

‘ಅದ್ಯಾಕೆ?’

‘ಒಂದೇ ಥರದ್ದು ಹುಡುಕಬೇಕಲ್ಲ ಸಾರ್. ಹುಡುಕಿದ್ದಕ್ಕೆ ಕೂಲಿ.’

‘ಹುಡುಕ್ತಾ ಇರೋನು ನಾನು.’

‘ಹುಡುಕೋಕೆ ಬಿಟ್ಟಿದ್ದೀನಲ್ಲ, ಅದಕ್ಕೆ.’

ಮೇಷ್ಟ್ರು ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡಿದ್ದರು. ಇಡೀ ಯಂತ್ರದ ಬೆಲೆ ಒಂದು ಪಠ್ಯಪುಸ್ತಕದ ಬೆಲೆ ದಾಟಬಾರದು. ಪುಸ್ತಕ ಹರಿದರೆ ಯಾರೂ ಗ್ರಂಥಾಲಯಕ್ಕೆ ಬೀಗ ಹಾಕುವುದಿಲ್ಲ. ಹಾಗೆಯೇ, ಬಿದ್ದರೆ ಬಿತ್ತು ಅನ್ನುವಷ್ಟು ಅಗ್ಗವಾಗಿದ್ದರೆ ಮಾತ್ರ ಅದು ಮಕ್ಕಳ ಕೈಗೆ ಹೋಗುತ್ತದೆ. ಅಗ್ಗದ ಮಾಲು ಮಾಡುವುದು ಎಷ್ಟು ದುಬಾರಿ ಅನ್ನುವುದು ಆಮೇಲೆ ಗೊತ್ತಾಯಿತು. ನಾಲ್ಕು ವರ್ಷ ಹಿಡಿಯಿತು.

ಮೊದಲ ವರ್ಷ ಅದು ನಡೆಯಲೇ ಇಲ್ಲ. ಎರಡನೇ ವರ್ಷ ನಡೆಯಿತು, ನಿಲ್ಲಲಿಲ್ಲ. ಮೂರನೇ ವರ್ಷ ಎಡಕ್ಕೆ ತಿರುಗು ಎಂದರೆ ತಿರುಗುತ್ತಿತ್ತು, ಬಲಕ್ಕೆ ಎಂದರೆ ಯೋಚನೆ ಮಾಡುತ್ತ ನಿಂತುಬಿಡುತ್ತಿತ್ತು. ನಾಲ್ಕನೇ ವರ್ಷಕ್ಕೆ ಒಂದು ಆಕಾರಕ್ಕೆ ಬಂತು. ಮೈ ಅಂದರೆ ಪ್ಲಾಸ್ಟಿಕ್ಕಿನ ಊಟದ ಡಬ್ಬಿ. ಕೆಳಗೆ ಪ್ರಿಂಟರಿನ ಎರಡು ಮೋಟಾರು, ಆಟದ ಕಾರಿನ ಚಕ್ರ. ಮುಂದೆ ದೂರ ಅಳೆಯುವ ಒಂದು ಕಣ್ಣು. ಹೊಟ್ಟೆಯಡಿ ಮೂರು ಪುಟ್ಟ ಬೆಳಕಿನ ಕಣ್ಣು. ನೆಲದ ಮೇಲೆ ಅಂಟಿಸಿದ ಕಪ್ಪು ಟೇಪಿನ ಗೆರೆಯನ್ನು ಆ ಮೂರು ಕಣ್ಣು ನೋಡಿಕೊಳ್ಳುತ್ತಿದ್ದವು. ಯಾರೂ ಮುಟ್ಟದೆ, ರಿಮೋಟ್ ಇಲ್ಲದೆ, ಡಬ್ಬಿ ಗೆರೆ ಹಿಡಿದು ಕೋಣೆಯ ಸುತ್ತ ಹೋಗಬೇಕು. ಅಡ್ಡ ಏನಾದರೂ ಸಿಕ್ಕಿದರೆ ಸುತ್ತು ಹಾಕಿ ಮತ್ತೆ ಗೆರೆಗೆ ಬರಬೇಕು. ಹೋಗುತ್ತಿತ್ತು, ಬರುತ್ತಿತ್ತು. ಮೇಷ್ಟ್ರು ಅದರ ಹಿಂದೆಯೇ, ಸೊಂಟದ ಮೇಲೊಂದು ಕೈ ಇಟ್ಟುಕೊಂಡು ಬಗ್ಗಿ, ಮೊದಲ ಹೆಜ್ಜೆ ಇಡುವ ಮೊಮ್ಮಗುವಿನ ಹಿಂದೆ ಹೋಗುವ ತಾತನ ಹಾಗೆ ಹೋಗುತ್ತಿದ್ದರು. ಬಿದ್ದರೆ ಹಿಡಿಯೋಣ ಅಂತ.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಕೇಳುತ್ತಿದ್ದರು, ‘ನಿಮ್ಮ ಡಬ್ಬಿ ಇವತ್ತು ಹೇಗಿದೆ?’

‘ಪರವಾಗಿಲ್ಲ.’

‘ನೀವು?’

‘ಅಷ್ಟೇ.’

ವಿಭಾಗದ ಮುಖ್ಯಸ್ಥೆ ಮಾತಿನಲ್ಲಿ ಕತ್ತರಿ, ಮನಸ್ಸಿನಲ್ಲಿ ಕೆಟ್ಟವರಲ್ಲ. ಒಂದು ಸೋಮವಾರ ಬೆಳಿಗ್ಗೆ ಮೇಷ್ಟ್ರನ್ನು ಕರೆದು ಹೇಳಿದರು, ‘ಗುರುವಾರ ಹನ್ನೊಂದಕ್ಕೆ ಖರೀದಿ ಸಮಿತಿ ಬರುತ್ತೆ. ಪ್ರಿನ್ಸಿಪಾಲರು, ನಾನು, ಹೊರಗಿನಿಂದ ಒಬ್ಬ ಹಿರಿಯ ಎಂಜಿನಿಯರು. ನಿಮ್ಮ ಡಬ್ಬಿ ಒಪ್ಪಿಗೆ ಆದರೆ ಅಂಥವು ಇಪ್ಪತ್ತು ಮಾಡಿಸ್ತೀವಿ, ಇಬ್ಬಿಬ್ಬರಿಗೆ ಒಂದು. ಆಗಲಿಲ್ಲ ಅಂದ್ರೆ ಈ ವರ್ಷದ ದುಡ್ಡೆಲ್ಲ ಕಂಪನಿ ರೋಬೋಟ್ ಎರಡಕ್ಕೆ ಹೋಗುತ್ತೆ.’

‘ಅದನ್ನ ಎಲ್ಲಿಡ್ತೀರಿ ಮೇಡಂ?’

‘ಎಲ್ಲಿಡ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಹೇಳ್ತಿರೋದು. ಇವತ್ತು ಒಂದು ಸಲ ಮಕ್ಕಳ ಕೈಲಿ ಓಡಿಸಿ ತೋರಿಸಿ. ನೀವು ಒಳಗಿರಬೇಡಿ.’

‘ನಾನ್ಯಾಕೆ ಇರಬಾರದು?’

‘ನೀವು ಇದ್ದರೆ ಮಕ್ಕಳು ಅದನ್ನ ಮುಟ್ಟೋದಿಲ್ಲ. ನಿಮ್ಮನ್ನೇ ನೋಡ್ತಾ ನಿಲ್ತಾರೆ.’

ಮೇಷ್ಟ್ರು ಹೊರಗೆ ಮೆಟ್ಟಿಲ ಮೇಲೆ ಕೂತರು. ಒಳಗೆ ಹತ್ತು ಜನ ವಿದ್ಯಾರ್ಥಿಗಳು, ಮುಂದಾಳಾಗಿ ಒಬ್ಬ ಹುಡುಗಿ. ಯಾವ ಪಾಠಕ್ಕೂ ‘ಯಾಕೆ ಸಾರ್?’ ಎಂದು ಕೈ ಎತ್ತುತ್ತಿದ್ದುದರಿಂದ ತರಗತಿಯವರು ಅವಳನ್ನು ಯಾಕಮ್ಮ ಎಂದೇ ಕರೆಯುತ್ತಿದ್ದರು. ಅವಳು ಸ್ವಿಚ್ ಒತ್ತಿದಳು. ಡಬ್ಬಿ ಗೆರೆ ಹಿಡಿದು ಚೆನ್ನಾಗಿಯೇ ಹೊರಟಿತು. ಕಿಟಕಿ ಸಾಲಿನ ಹತ್ತಿರ ಬಂದದ್ದೇ ಗೆರೆ ಬಿಟ್ಟು ಬೀರುವಿನ ಕಾಲಿಗೆ ಹೋಗಿ ಡಿಕ್ಕಿ ಹೊಡೆಯಿತು. ಮತ್ತೆ ಬಿಟ್ಟರು, ಮತ್ತೆ ಅಲ್ಲೇ. ಮೂರನೇ ಸಲವೂ ಅಲ್ಲೇ. ಮೇಷ್ಟ್ರನ್ನು ಒಳಗೆ ಕರೆದರು. ಅವರು ಬಂದು, ಬ್ಯಾಟರಿ ಅದುಮಿ ನೋಡಿ, ಚಕ್ರ ಒರೆಸಿ, ಸ್ವಿಚ್ ಒತ್ತಿ, ಹಿಂದೆ ಹಿಂದೆ ಹೋದರು. ಡಬ್ಬಿ ಗಂಭೀರವಾಗಿ ಪೂರಾ ಒಂದು ಸುತ್ತು ಬಂತು.

‘ಈಗ ಸರಿ ಹೋಯ್ತು’ ಎಂದರು ಮೇಷ್ಟ್ರು.

‘ಹಾಗಾದ್ರೆ ಹೊರಗೆ ನಡೀರಿ’ ಎಂದರು ಮುಖ್ಯಸ್ಥೆ.

ಹೊರಗೆ ಹೋದರು. ಡಬ್ಬಿ ಬೀರುವಿನ ಕಾಲಿಗೆ ಹೋಯಿತು.

‘ಯಜಮಾನರು ಬಾಗಿಲು ದಾಟಿದ ತಕ್ಷಣ ಅದಕ್ಕೂ ರಜಾ’ ಎಂದ ಹಿಂದಿನ ಸಾಲಿನವನೊಬ್ಬ. ಎಲ್ಲರೂ ನಕ್ಕರು. ಮುಖ್ಯಸ್ಥೆ ನಗಲಿಲ್ಲ. ‘ಗುರುವಾರ’ ಎಂದಷ್ಟೇ ಹೇಳಿ ಎದ್ದುಹೋದರು.

ಮೇಷ್ಟ್ರು ಆ ದಿನವೆಲ್ಲ ಡಬ್ಬಿಯನ್ನು ಬಿಚ್ಚಿ ಜೋಡಿಸಿದರು. ವೈರು ಬದಲಾಯಿಸಿದರು. ಮೋಟಾರಿಗೆ ಎಣ್ಣೆ ಬಿಟ್ಟರು. ತಪ್ಪು ಸಿಕ್ಕಲಿಲ್ಲ. ಸಿಕ್ಕುವುದಾದರೂ ಹೇಗೆ, ಅವರು ಹಿಂದೆ ಹಿಂದೆ ಹೋಗುವಾಗ ಅದು ತಪ್ಪುತ್ತಲೇ ಇರಲಿಲ್ಲ.

ಮಂಗಳವಾರ ಹತ್ತೂವರೆಗೆ ಯಾಕಮ್ಮ ಬಂದಳು.

‘ಸಾರ್, ಒಂದು ಪ್ರಯೋಗ. ನೀವು ಬಾಗಿಲ ಹತ್ರ ನಿಂತ್ಕೊಳ್ಳಿ.’

‘ಪ್ರಯೋಗ ನನ್ನ ಮೇಲಾ?’

‘ಹೂಂ ಸಾರ್.’

ಬಾಗಿಲ ಬಳಿ ನಿಂತರು. ಡಬ್ಬಿ ಗೆರೆ ತಪ್ಪಿತು. ಮೇಜಿನ ಬಳಿ ನಿಂತರು, ತಪ್ಪಿತು. ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದಳು, ತಪ್ಪಿತು. ‘ಈಗ ಎದ್ದು, ಯಾವಾಗಲೂ ಹೋಗೋ ಹಾಗೆ ಬಗ್ಗಿ, ಅದರ ಹಿಂದೆ ಬನ್ನಿ ಸಾರ್’ ಎಂದಳು. ಸರಿಯಾಗಿ ಹೋಯಿತು. ಕೊನೆಗೆ ಅವರನ್ನು ಬಿಟ್ಟು, ಡ್ರಾಯಿಂಗ್ ಹಲಗೆಯೊಂದನ್ನು ಕಿಟಕಿಗೂ ಡಬ್ಬಿಗೂ ನಡುವೆ ಹಿಡಿದುಕೊಂಡು ತಾನೇ ನಡೆದಳು. ಆಗಲೂ ಸರಿಯಾಗಿ ಹೋಯಿತು.

ಮೇಷ್ಟ್ರು ಹಲಗೆಯನ್ನು ನೋಡಿದರು. ಕಿಟಕಿಯನ್ನು ನೋಡಿದರು. ನೆಲದ ಮೇಲೆ ಬಿದ್ದ ಹತ್ತೂವರೆಯ ಬಿಸಿಲನ್ನು ನೋಡಿದರು. ಇನ್ನು ಹೇಳಿಸಿಕೊಳ್ಳಬೇಕಾದ್ದು ಏನೂ ಉಳಿದಿರಲಿಲ್ಲ.

ಡಬ್ಬಿಯ ಪ್ರೋಗ್ರಾಮಿನಲ್ಲಿ ಒಂದು ಅಂಕಿ ಇತ್ತು. ಹೊಟ್ಟೆಯಡಿಯ ಕಣ್ಣಿಗೆ ಇದಕ್ಕಿಂತ ಹೆಚ್ಚು ಬೆಳಕು ಬಂದರೆ ಬಿಳೀ ನೆಲ, ಕಡಿಮೆ ಬಂದರೆ ಕಪ್ಪು ಗೆರೆ. ಆ ಅಂಕಿಯನ್ನು ಮೇಷ್ಟ್ರು ಎಷ್ಟೋ ತಿಂಗಳು ಕೂಡಿಸಿ ಕಳೆದು ನಿಗದಿ ಮಾಡಿದ್ದರು. ಮಾಡುವಾಗೆಲ್ಲ ಅದರ ಮೇಲೆ ಬಗ್ಗಿ, ಕಿಟಕಿಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದರು. ಬಿಸಿಲು ಅವರ ಬೆನ್ನಿಗೆ, ನೆರಳು ಡಬ್ಬಿಗೆ. ಆ ನೆರಳಿಗೆ ಒಗ್ಗಿದ ಅಂಕಿ ಅದು. ನೆರಳು ಸರಿದರೆ ಬಿಸಿಲಿಗೆ ಟೇಪು ಹೊಳೆದು, ಕಪ್ಪು ಕೂಡ ಬಿಳುಪಾಗಿ ಕಾಣುತ್ತಿತ್ತು. ಯಾರೂ ಹಿಂದಿಲ್ಲದೆ ತಾನಾಗಿ ನಡೆಯಬೇಕೆಂದು ಮಾಡಿದ ಯಂತ್ರವನ್ನು ನಾಲ್ಕು ವರ್ಷದಲ್ಲಿ ಒಂದು ದಿನವೂ ಅವರು ಒಂಟಿಯಾಗಿ ಬಿಟ್ಟಿರಲಿಲ್ಲ.

‘ಕಿಟಕಿಗೆ ಪರದೆ ಹಾಕಿದ್ರೆ ಆಯ್ತಲ್ವಾ ಸಾರ್?’

‘ಪರದೆಗೆ ಅರ್ಜಿ ಹಾಕಿ ಹನ್ನೊಂದು ವರ್ಷ ಆಯ್ತಮ್ಮ. ನಿನಗೆ ಆಗ ಹಲ್ಲು ಬೀಳೋ ವಯಸ್ಸು. ಆಮೇಲೆ, ನಾಳೆ ಹುಡುಗರು ಇದನ್ನ ಅಂಗಳದಲ್ಲಿ ಓಡಿಸ್ತಾರೆ. ಆಕಾಶಕ್ಕೆ ಪರದೆ ಹಾಕ್ತೀಯಾ?’

ಅವತ್ತು ಮೇಷ್ಟ್ರ ಹೆಂಡತಿ, ಬಿಸಿಲು ಒಳಗೆ ನುಗ್ಗದಿರಲಿ ಅಂತ ಡಬ್ಬಿಯ ಹೊಟ್ಟೆಯ ಸುತ್ತ ಕಪ್ಪು ಬಟ್ಟೆಯ ಒಂದು ಲಂಗ ಹೊಲಿದುಕೊಟ್ಟರು. ಬುಧವಾರ ಬೆಳಿಗ್ಗೆ ಆ ಲಂಗ ಚಕ್ರಕ್ಕೆ ಸುತ್ತಿಕೊಂಡು ಡಬ್ಬಿ ಮುಗ್ಗರಿಸಿತು. ಯಾಕಮ್ಮ ಬೇರೆ ದಾರಿ ಹಿಡಿದಳು. ಅಂಕಿಯನ್ನು ನಾವ್ಯಾಕೆ ಹೇಳಿಕೊಡಬೇಕು, ಹೊರಡುವ ಮುಂಚೆ ಡಬ್ಬಿಯೇ ನಿಂತಲ್ಲಿ ಒಂದು ಸುತ್ತು ತಿರುಗಿ, ಇವತ್ತು ಇಲ್ಲಿ ಬೆಳಕೆಷ್ಟು, ಕತ್ತಲೆಷ್ಟು ಎಂದು ನೋಡಿಕೊಂಡು ತಾನೇ ಅಂಕಿ ಇಟ್ಟುಕೊಳ್ಳಲಿ. ನಡುನಡುವೆ ಅದನ್ನು ತಿದ್ದಿಕೊಳ್ಳಲಿ. ಕೂತು ಬರೆದಳು. ಸ್ಕ್ರೂ ಹಿಡಿದು ಬೆಳೆದ ಮೇಷ್ಟ್ರಿಗೆ ಅಂಕಿ ಅಂದರೆ ಒಮ್ಮೆ ಬಿಗಿ ಮಾಡಿದರೆ ಮುಗಿಯಿತು, ಅದು ಸಡಿಲವಾಗಿಯೂ ಇರಬಹುದು ಅನ್ನುವುದು ತಲೆಗೇ ಬಂದಿರಲಿಲ್ಲ. ಮಧ್ಯಾಹ್ನ ಬಿಸಿಲು ಕಿಟಕಿ ಬಿಡುವ ಹೊತ್ತಿಗೆ ಅವಳ ಪ್ರೋಗ್ರಾಮಿನಲ್ಲಿ ಡಬ್ಬಿ ಹತ್ತು ಸಲಕ್ಕೆ ಏಳು ಸಲ ಸುತ್ತು ಮುಗಿಸುತ್ತಿತ್ತು.

‘ಇನ್ನೊಂದು ವಾರ ಸಿಕ್ಕಿದ್ರೆ ಹತ್ತಕ್ಕೆ ಹತ್ತು ಮಾಡ್ತೀನಿ ಸಾರ್.’

‘ನಾಳೆ ಗುರುವಾರ.’

ಮನೆಯಲ್ಲಿ ಊಟದ ತಟ್ಟೆಯ ಮುಂದೆ ಮೇಷ್ಟ್ರು ಅನ್ನ ಮುಟ್ಟದೆ ಕೂತಿದ್ದರು. ಹೆಂಡತಿ ಎಲ್ಲವನ್ನೂ ಕೇಳಿ ತಿಳಿದುಕೊಂಡು, ಅಳತೆ ತೆಗೆದುಕೊಂಡವರ ಹಾಗೆ ಹೇಳಿದರು, ‘ಇದರಲ್ಲೇನಿದೆ? ನಾಳೆ ಹಳೇ ಪ್ರೋಗ್ರಾಮನ್ನೇ ಹಾಕಿ, ನೀವು ಕಿಟಕಿ ಕಡೆಯಿಂದ ಅದರ ಹಿಂದೆ ಹೋಗಿ. ಐದು ನಿಮಿಷದ ಕೆಲಸ.’

‘ಅದು ಮೋಸ ಅಲ್ವೇನೇ?’

‘ನಡೆಯೋದು ಯಾವಾಗಿಂದ ಮೋಸ ಆಯ್ತು? ಯಾರನ್ನಾದರೂ ದೂಡ್ತೀರಾ? ಏನನ್ನಾದರೂ ಕದೀತೀರಾ?’

‘ಅದು ತಾನಾಗಿ ನಡೀತಿಲ್ಲ.’

‘ಈ ಮನೆ ಮಾತ್ರ ತಾನಾಗಿ ನಡೀತಿದೆಯಾ? ಹಿಂದೆ ಯಾರು ಬಗ್ಗಿದ್ದಾರೆ ಅಂತ ಬಂದವರೆಲ್ಲ ಕೇಳ್ತಾರಾ? ಊಟ ಮಾಡಿ.’

ಈ ವ್ಯಾಪಾರದಲ್ಲಿ ಹೆಂಡತಿಯದೇ ಮೇಲುಗೈ. ಮೇಷ್ಟ್ರು ಊಟ ಮಾಡಿದರು.

ಗುರುವಾರ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಯಾಕಮ್ಮ ಕೇಬಲ್ ಹಿಡಿದುಕೊಂಡು ಕೇಳಿದಳು, ‘ಯಾವುದು ಹಾಕಲಿ ಸಾರ್? ಹಳೇದಾ, ನನ್ನದಾ?’

‘ಹಳೇದು.’

ಅವಳು ಅವರ ಮುಖ ನೋಡಿದಳು. ಯಾಕೆ ಎಂದು ಕೇಳಲಿಲ್ಲ. ಮೂರು ವರ್ಷದಲ್ಲಿ ಅವಳು ಕೇಳದೆ ಬಿಟ್ಟದ್ದು ಅದೊಂದೇ ಸಲ, ಮೇಷ್ಟ್ರಿಗೆ ಅದು ಎದೆಗೆ ಚುಚ್ಚಿತು.

ಸಮಿತಿ ಬಂತು. ಪ್ರಿನ್ಸಿಪಾಲರು ಹೊಸ ಬೂಟು ಹಾಕಿಕೊಂಡಿದ್ದರು. ಹಿರಿಯ ಎಂಜಿನಿಯರು ದೊಡ್ಡ ಕಾರ್ಖಾನೆಯೊಂದನ್ನು ನಡೆಸಿ ನಿವೃತ್ತರಾದವರು, ಕಿವಿಗೆ ಯಂತ್ರ, ಮಾತು ಕಡಿಮೆ. ಮೇಷ್ಟ್ರು ಸ್ವಿಚ್ ಒತ್ತಿ, ಸೊಂಟದ ಮೇಲೆ ಕೈ ಇಟ್ಟು, ಕಿಟಕಿಗೆ ಬೆನ್ನು ಮಾಡಿ ಡಬ್ಬಿಯ ಹಿಂದೆ ಹೊರಟರು. ಡಬ್ಬಿ ನೂಲು ಹಿಡಿದ ಹಾಗೆ ಗೆರೆ ಹಿಡಿಯಿತು. ಅಡ್ಡ ಇಟ್ಟ ಇಟ್ಟಿಗೆಯನ್ನು ಸುತ್ತು ಹಾಕಿತು. ಕಿಟಕಿ ಸಾಲು ದಾಟಿತು. ಹೊರಟ ಜಾಗಕ್ಕೇ ಬಂದು ನಿಂತಿತು. ಪ್ರಿನ್ಸಿಪಾಲರು ತಲೆ ಅಲ್ಲಾಡಿಸಿದರು. ಮುಖ್ಯಸ್ಥೆ ಉಸಿರು ಬಿಟ್ಟು ಪೆನ್ನಿನ ಮುಚ್ಚಳ ತೆಗೆದರು.

ಎಂಜಿನಿಯರು ಮಾತ್ರ ಒಂದು ಪ್ರಶ್ನೆ ಕೇಳಿದರು. ‘ಇಪ್ಪತ್ತು ಮಾಡಿದರೆ ಇಪ್ಪತ್ತೂ ಹೀಗೇ ನಡೀತಾವಾ?’

ಕೇಳಿದ್ದು ಸುಮ್ಮನೆ, ಒಳ್ಳೆಯ ಮನಸ್ಸಿನಿಂದಲೇ. ಹೌದು ಎಂದರೆ ಮುಗಿಯುತ್ತಿತ್ತು. ಮೇಷ್ಟ್ರು ಬಾಯಿ ತೆರೆದರು. ಇಪ್ಪತ್ತು ಡಬ್ಬಿಗಳು ಕಣ್ಣಮುಂದೆ ಸಾಲಾಗಿ ಬಂದವು, ಅವುಗಳ ಹಿಂದೆ ತಾವೊಬ್ಬರೇ ಬಗ್ಗಿ ಓಡಾಡುವುದು ಕಂಡಿತು. ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ, ದಿನವೂ ಕಿಟಕಿಯಲ್ಲಿ ಬಿಸಿಲಿರುವ ಹತ್ತರಿಂದ ಹನ್ನೆರಡು ಗಂಟೆವರೆಗೆ. ಹದಿನಾಲ್ಕು ತಿಂಗಳು ಹಾಗೆ. ಆಮೇಲೆ ಇಪ್ಪತ್ತೂ ಡಬ್ಬಿ ಗೋಡೆಗೆ ತಲೆ ಕೊಟ್ಟು ನಿಲ್ಲುತ್ತವೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ, ಬೀರುಗಳಿಗೇನು, ಕಾಲೇಜಿನಲ್ಲಿ ಬೇಕಾದಷ್ಟಿವೆ. ಸತ್ಯ ಹೇಳಬೇಕೆಂಬ ಹಟವೇನೂ ಆ ಹೊತ್ತಿನಲ್ಲಿ ಅವರಿಗಿರಲಿಲ್ಲ. ದಣಿವು ಇತ್ತು.

‘ಇಲ್ಲ ಸಾರ್’ ಎಂದರು. ‘ಇದೊಂದೂ ಹೀಗೆ ನಡೆಯೋದಿಲ್ಲ. ನಾನು ಬಿಸಿಲಿಗೆ ಅಡ್ಡ ಇದ್ದೆ, ಅದಕ್ಕೆ ನಡೀತು.’

ಹೋಗಿ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ಯಾಕಮ್ಮನಿಗೆ ಸನ್ನೆ ಮಾಡಿದರು. ಅವಳು ಸ್ವಿಚ್ ಒತ್ತಿದಳು. ಡಬ್ಬಿ ಕಿಟಕಿಯ ಹತ್ತಿರ ಗೆರೆ ಬಿಟ್ಟಿತು.

‘ಈಗ ನಿನ್ನದು ಹಾಕು’ ಎಂದರು ಮೇಷ್ಟ್ರು. ಅವಳು ಕೇಬಲ್ ಚುಚ್ಚಿ ತನ್ನ ಪ್ರೋಗ್ರಾಮ್ ಹಾಕಿದಳು. ಡಬ್ಬಿ ನಿಂತಲ್ಲೇ ಒಂದು ಸುತ್ತು ತಿರುಗಿತು, ಹೊರಟಿತು, ಬಿಸಿಲನ್ನು ಯಾರ ಹಂಗೂ ಇಲ್ಲದೆ ದಾಟಿತು, ಎರಡು ಸುತ್ತು ಬಂತು. ಮೂರನೇ ಸುತ್ತಿನಲ್ಲಿ ಏನನ್ನಿಸಿತೋ, ಗೆರೆ ಬಿಟ್ಟು ಪ್ರಿನ್ಸಿಪಾಲರ ಹೊಸ ಬೂಟಿಗೆ ಹೋಗಿ ಮುತ್ತಿಟ್ಟಿತು. ಬೂಟೂ ಕಪ್ಪು. ಅದನ್ನೂ ಗೆರೆ ಅಂದುಕೊಂಡಿರಬೇಕು.

ಎಂಜಿನಿಯರು ಬಗ್ಗಿ ಡಬ್ಬಿಯನ್ನು ಎತ್ತಿ, ಹೊಟ್ಟೆ ತಿರುಗಿಸಿ ತುಂಬ ಹೊತ್ತು ನೋಡಿ, ಯಾಕಮ್ಮನ ಕೈಗೆ ಕೊಟ್ಟರು. ಪ್ರಿನ್ಸಿಪಾಲರು ಬೂಟು ನೋಡಿಕೊಂಡರು. ಹದಿನೈದು ನಿಮಿಷದಲ್ಲಿ ತೀರ್ಮಾನ ಬಂತು: ಉಪಕರಣ ಇನ್ನೂ ಪೂರ್ಣಗೊಂಡಿಲ್ಲ, ಈ ವರ್ಷ ಕಂಪನಿ ರೋಬೋಟ್ ಎರಡು ಕೊಳ್ಳುವುದು.

ಮಧ್ಯಾಹ್ನ ಮುಖ್ಯಸ್ಥೆ ತಮ್ಮ ಕೋಣೆಗೆ ಕರೆದರು. ಕೂರಿ ಎನ್ನಲಿಲ್ಲ.

‘ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಇಪ್ಪತ್ತು ಬರ್ತಿತ್ತು.’

‘ಗೊತ್ತು ಮೇಡಂ.’

‘ಗೊತ್ತಿದ್ದೂ ಹೇಳಿದ್ರಾ?’

‘ಇಪ್ಪತ್ತರ ಹಿಂದೆ ನಡೆಯೋಕೆ ನನ್ನ ಹತ್ರ ಸೊಂಟ ಇಲ್ಲ.’

ಅವರು ತುಂಬ ಹೊತ್ತು ಕೋಪದಲ್ಲೇ ಕಾಗದ ತಿರುವಿದರು. ಆಮೇಲೆ ತಲೆ ಎತ್ತದೆ ಕೇಳಿದರು, ‘ಆ ಡಬ್ಬಿ ಬಿಡಿಸಿದರೆ ಏನೇನಿರುತ್ತೆ?’

‘ಮೋಟಾರ್, ಚಕ್ರ, ವೈರು, ನಾಲ್ಕು ಕಣ್ಣು, ಒಂದು ಬೋರ್ಡು, ಊಟದ ಡಬ್ಬಿ.’

‘ಪೂರಾ ಯಂತ್ರ ಆದರೆ ಅದು ಉಪಕರಣ. ಸಮಿತಿ ಬೇಕು. ಬಿಡಿಬಿಡಿಯಾಗಿ ತಂದರೆ ಅದು ಪ್ರಯೋಗಕ್ಕೆ ಖರ್ಚಾಗೋ ಸಾಮಾನು. ಸೋಲ್ಡರ್, ವೈರು, ಬಲ್ಬಿನ ಹಾಗೆ. ಅದಕ್ಕೆ ನನ್ನೊಬ್ಬಳ ಸಹಿ ಸಾಕು. ಇಷ್ಟು ಅಗ್ಗಕ್ಕೆ ಯಾರೂ ತಕರಾರು ಎತ್ತೋದಿಲ್ಲ.’ ಒಂದು ಚೀಟಿ ಬರೆದು ಮುಂದೆ ತಳ್ಳಿದರು. ‘ಹತ್ತಕ್ಕೆ ಆಗುವಷ್ಟು. ಆದರೆ ಜೋಡಿಸಿದ್ದನ್ನ ತರೋ ಹಾಗಿಲ್ಲ. ಮಕ್ಕಳೇ ಜೋಡಿಸಬೇಕು.’

ಮೇಷ್ಟ್ರು ಚೀಟಿ ನೋಡುತ್ತ ನಿಂತರು. ಹತ್ತು ಡಬ್ಬಿ ಅಂದರೆ ಇಪ್ಪತ್ತು ಮೋಟಾರು, ಅದೂ ಜೋಡಿ ಜೋಡಿ. ಗುಜರಿಯವನು ಹಬ್ಬ ಮಾಡುತ್ತಾನೆ. ಸೋಲ್ಡರಿಂಗ್ ಬೆಸುಗೆ ಬಾರದ ನಲವತ್ತು ಕೈ, ಸುಟ್ಟುಕೊಳ್ಳುವ ಎಷ್ಟೋ ಬೆರಳು, ಉಲ್ಟಾ ಹಾಕುವ ಎಷ್ಟೋ ವೈರು.

‘ಇವರಿಗೆಲ್ಲ ಸೋಲ್ಡರಿಂಗ್ ಕಲಿಸೋರು ಯಾರು ಮೇಡಂ?’

‘ನನ್ನ ಮುಖ ಯಾಕೆ ನೋಡ್ತೀರಿ?’

ಮೇಷ್ಟ್ರು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಹೇಳಿದರು, ‘ನಾಳೆ ಶುಕ್ರವಾರ, ನಾಳಿದ್ದು ಶನಿವಾರ. ಎರಡು ದಿನ ರಜೆ ಬೇಕು.’

‘ಏನಕ್ಕೆ?’

‘ಮಲಗೋಕೆ.’

ಮುಖ್ಯಸ್ಥೆ ಮೊದಲ ಸಲ ನಕ್ಕ ಹಾಗೆ ಕಂಡಿತು. ರಜೆ ಅರ್ಜಿಗೆ ಅಲ್ಲೇ ಸಹಿ ಬಿತ್ತು.

ಪ್ರಯೋಗಶಾಲೆಗೆ ಬಂದಾಗ ಯಾಕಮ್ಮ ಒಬ್ಬಳೇ ನೆಲದ ಮೇಲೆ ಕೂತಿದ್ದಳು, ಡಬ್ಬಿ ಮಡಿಲಲ್ಲಿ. ಕಣ್ಣು ಕೆಂಪಾಗಿದ್ದವು.

‘ನನ್ನ ಪ್ರೋಗ್ರಾಮಿಂದ ಹೋಯ್ತು ಅಲ್ವಾ ಸಾರ್?’

‘ಹೋಗಿದ್ದು ನನ್ನ ಬಾಯಿಂದ. ನಿನ್ನದು ಎರಡು ಸುತ್ತು ನಡೀತಲ್ಲ, ನಾಲ್ಕು ವರ್ಷದಲ್ಲಿ ನನ್ನದು ತಾನಾಗಿ ಒಂದು ಸುತ್ತೂ ನಡೆದಿರಲಿಲ್ಲ.’ ಚೀಟಿಯನ್ನು ಅವಳಿಗೆ ತೋರಿಸಿದರು. ‘ಸೋಮವಾರದಿಂದ ಹತ್ತು ಡಬ್ಬಿ. ಅಲ್ಲಿವರೆಗೆ ಇದು ನಿನ್ನ ಹತ್ರ ಇರಲಿ. ಬೂಟಿಗೂ ಗೆರೆಗೂ ಏನು ವ್ಯತ್ಯಾಸ ಅಂತ ಅದಕ್ಕೆ ಹೇಳಿಕೊಡು.’

‘ಸಾರ್, ಬಿದ್ದು ಒಡೆದರೆ?’

‘ಒಡೆದರೆ ಒಡೆಯಿತು. ಇನ್ನೊಂದು ಡಬ್ಬಿ ತಂದರಾಯ್ತು. ಅದಕ್ಕೇ ತಾನೆ ಅಗ್ಗ ಮಾಡಿದ್ದು?’

ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಹೊರಬಾಗಿಲ ಮೆಟ್ಟಿಲು ಇಳಿಯುವಾಗ ಒಳಗಿನಿಂದ ಮೋಟಾರು ಗುಯ್ಯೆನ್ನುವುದು ಕೇಳಿತು, ಸ್ವಲ್ಪ ಹೊತ್ತಿಗೆ ಮೇಜಿನ ಕಾಲಿಗೋ ಗೋಡೆಗೋ ಡಬ್ಬಿ ಬಡಿದ ಸದ್ದು. ಮೇಷ್ಟ್ರ ಕಾಲು ಅಭ್ಯಾಸಬಲದಿಂದ ಒಂದು ಕ್ಷಣ ನಿಂತಿತು. ಮತ್ತೆ ಮೋಟಾರಿನ ಸದ್ದು ಶುರುವಾಯಿತು. ಅವರು ಪಕ್ಕದ ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಮನೆಗೆ ಹೋದರು.